ಸೆಟ್ ಶಬ್ದ ಮೀಮಾಂಸೆ

ಇಂಗ್ಲಿಷಿನ ‘ಸೆಟ್’ ಮೂರೇ ಅಕ್ಷರದ ಶಬ್ದ. 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿ ಅದರ ಕ್ರಿಯಾಪದವೊಂದಕ್ಕೇ 430ಕ್ಕೂ ಹೆಚ್ಚು ಅರ್ಥ ಹೇಳಿ, ಸುಮಾರು 60,000 ಪದಗಳ ಭಾಷ್ಯ ಬರೆದಿದೆ. ಒಬ್ಬ ದೇವರಿಗೆ ಸಾವಿರ ಹೆಸರಿಟ್ಟವರು ನಾವು. ಒಂದೇ ಹೆಸರಿನಡಿ ನಾನೂರು ದೇವರನ್ನು ಪ್ರತಿಷ್ಠಾಪಿಸಿದವರು ಅವರು. ಮುಂದೆ ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಇದನ್ನು ಹಿಂದಿಕ್ಕಿತು. ಕೂತದ್ದನ್ನು ಓಡುವುದು ಹಿಂದಿಕ್ಕಿದರೆ ಅಚ್ಚರಿಯೇನು?

ಕೂತದ್ದು ಎಂದದ್ದು ಸುಮ್ಮನೆ ಅಲ್ಲ. ಈ ಕ್ರಿಯಾಪದದ ಮೂಲಾರ್ಥ ‘ಕೂರಿಸು’. ಸಂಸ್ಕೃತದ ‘ಸದ್’ ಧಾತು ಇದರ ದಾಯಾದಿ. ‘ಉಪನಿಷತ್’ ಎಂಬಲ್ಲಿ ಗುರುವಿನ ಬಳಿ ಕೂರುವುದೂ ಅದೇ ಧಾತುವಿನಿಂದ. ಆದ್ದರಿಂದ ಸೆಟ್ ದೋಸೆಯೂ ಉಪನಿಷತ್ತೂ ಒಂದೇ ಗೋತ್ರದವು ಎಂಬುದು ಪೂರ್ವಪಕ್ಷ.

ಇದಕ್ಕೆ ಎರಡು ಆಕ್ಷೇಪ. ಒಂದು, ನಿಂತೇ ತಿನ್ನುವ ದರ್ಶಿನಿಯಲ್ಲಿ ಕೂರುವ ಧಾತುವಿಗೆ ಕುರ್ಚಿ ಎಲ್ಲಿದೆ? ಎರಡು, ದೋಸೆಯ ಸೆಟ್ಟು ನಾಮಪದ. ಅದರ ಮೂಲ ಹಳೆಯ ಫ್ರೆಂಚಿನ ದಾರಿಯಾಗಿ ಬಂದ ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಅನುಯಾಯಿಗಳ ಗುಂಪು, ಪಂಥ. ಸಿದ್ಧಾಂತವಿಷ್ಟು: ಗರಿಗರಿಯಾಗಿ ಒಂಟಿ ನಿಲ್ಲುವ ಮಸಾಲೆ ದೋಸೆ ಸನ್ಯಾಸಿ, ಮೆತ್ತಗೆ ಒಂದರ ಮೇಲೊಂದು ಒರಗಿ, ಸಾಗು ಚಟ್ನಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದು ಪಂಥ.

ಕನ್ನಡದಲ್ಲಿ ಈ ಶಬ್ದ ಇನ್ನೂ ಹಬ್ಬಿದೆ. ಹೊಲದಲ್ಲಿ ಪಂಪ್‌ಸೆಟ್, ಸ್ಟುಡಿಯೊದಲ್ಲಿ ಸಿನಿಮಾ ಸೆಟ್. ಉಪನ್ಯಾಸಕರಾಗಬಯಸುವವರು ಬರೆಯುವ ಕೆ-ಸೆಟ್ ಮಾತ್ರ ವೇಷಧಾರಿ, ಅದು ಬರಿಯ ಮೊದಲಕ್ಷರಗಳ ಜೋಡಣೆ. ಫ್ರಿಜ್ಜಿನ ಜೆಲ್ಲಿ ಸೆಟ್ ಆಗುವುದು ಇಂಗ್ಲಿಷರಿಗೂ ಗೊತ್ತು. ಆದರೆ ‘ಅತ್ತೆಗೂ ಸೊಸೆಗೂ ಸೆಟ್ ಆಗಲ್ಲ’ ಎಂಬ ಪ್ರಯೋಗಕ್ಕೆ ನಮ್ಮ ‘ಆಗು’ವೇ ಬೇಕು.

ಗಣಿತದಲ್ಲಿ ಸೆಟ್ ಎಂದರೆ ಗಣ. ಒಂದೇ ಅಂಶವಿದ್ದರೂ ಅದು ಗಣ. ಏನೂ ಇಲ್ಲದಿದ್ದರೆ ಶೂನ್ಯ ಗಣ. ಹಾಗಾಗಿ ‘ಸೆಟ್‌ನಲ್ಲಿ ಒಂದೇ ದೋಸೆ ಕೊಡಿ’ ಎನ್ನುವ ಗಿರಾಕಿಯ ತರ್ಕದಲ್ಲಿ ದೋಷವಿಲ್ಲ. ತಿಂದು ಮುಗಿಸಿದ ತಟ್ಟೆಯನ್ನು ಎತ್ತಿ ಹಿಡಿದು, ‘ಇದು ಶೂನ್ಯ ಗಣ, ಇನ್ನೊಂದು ಸೆಟ್ ಹಾಕಿ’ ಎಂದು ವಾದಿಸುವ ವಿದ್ವಾಂಸರಿಗೆ ದೋಸೆಕಲ್ಲಿನ ಆಚೆಯಿಂದ ಬರುವ ಖಂಡನೆ ಇಷ್ಟೇ: ‘ಟೋಕನ್ ತಗೊಂಡ್ ಬನ್ನಿ ಸಾರ್.’