ಪ್ರವಾಹದ ಗಮನಕ್ಕೆ: ರಜೆ ನೋಡಿ ಬರತಕ್ಕದ್ದು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಶಾಲೆಗಳಿಗೆಲ್ಲ ಒಂದೇ ವಿಪತ್ತು ನಿರ್ವಹಣಾ ಯೋಜನೆ ಬೇಕು ಎಂದಾಗ, ತಜ್ಞನಾದ ನಾನು ಮೊದಲು ಗುರುತಿಸಿದ್ದು ಅಪಾಯವನ್ನಲ್ಲ, ವ್ಯಾಪ್ತಿಯನ್ನು. ಅಪಾಯ ಹೇಗೂ ಬರುತ್ತದೆ. ಯಾರ ವ್ಯಾಪ್ತಿಗೆ ಬಂತು ಎಂಬುದೇ ಮುಖ್ಯ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆ ಆದೇಶದ ಪ್ರತಿ ತುಂಗಭದ್ರೆಗೆ ತಲುಪಿದಂತಿಲ್ಲ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ನೀರು ಹಂಪಿಯ ಪುರಂದರ ಮಂಟಪವನ್ನು ಮುಳುಗಿಸಿ, ಯಾರ ಅನುಮತಿಯನ್ನೂ ಕೇಳದೆ ಪಕ್ಕದ ಜಿಲ್ಲೆಗೆ ನುಗ್ಗಿ ಕಂಪ್ಲಿ-ಗಂಗಾವತಿ ಸೇತುವೆಯ ಮೇಲೆ ಹರಿಯುತ್ತದೆ.

ಹಾಗಾಗಿ ಪ್ರವಾಹವನ್ನು 'ಅಂತರ ಜಿಲ್ಲಾ ವಿಷಯ' ಎಂದು ವರ್ಗೀಕರಿಸಿದ್ದೇನೆ. ಹೊಸಪೇಟೆಯವರು ಕಲಬುರಗಿಯ ವಿಭಾಗ ಕಚೇರಿಗೆ ಬರೆಯುವುದು, ಕಲಬುರಗಿಯವರು ಬಳ್ಳಾರಿಗೆ, ಬಳ್ಳಾರಿಯವರು ಬಿಇಒಗೆ, ಬಿಇಒ ಸಿಆರ್‌ಪಿಗೆ, ಸಿಆರ್‌ಪಿ ಮುಖ್ಯಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ. ಅಷ್ಟರಲ್ಲಿ ಗುಂಪಿಗೆ ಮುಳುಗಿದ ಸೇತುವೆಯ ಫೋಟೊ ಬಂದಿರುತ್ತದೆ. ಅದನ್ನೇ ಸ್ವೀಕೃತಿ ಎಂದು ಪರಿಗಣಿಸತಕ್ಕದ್ದು.

ಈ ಭಾಗದ ವಿಪತ್ತುಗಳಲ್ಲಿ ಶಿಸ್ತು ಇಲ್ಲವೆಂದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ, ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು; ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಆದರೆ ಗಮನಿಸಿ: ಅಂದು ಶನಿವಾರ, ಅದೂ ರಾತ್ರಿ. ಮರುದಿನ ಭಾನುವಾರ. ಒಂದು ಪೀರಿಯಡ್ಡೂ ಹಾಳಾಗದಂತೆ ಮುರಿದ ಗೇಟು ಇದು. ಅದೇ ವರ್ಷ ಮೇ ತಿಂಗಳ ಮಳೆಗೆ ಹಂಪಿಯ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿದಾಗಲೂ ಶಾಲೆಗೆ ಬೇಸಿಗೆ ರಜೆ. ನಮ್ಮ ಯೋಜನೆ ನಿಂತಿರುವುದೇ ಈ ಪರಂಪರೆಯ ಮೇಲೆ. (ಆ ಗೇಟಿನ ಜಾಗಕ್ಕೆ ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ಒಂದು ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿದರು. ಇಂಥ ಆತುರವನ್ನು ಶಿಕ್ಷಣ ಕ್ಷೇತ್ರಕ್ಕೆ ನಾನು ಶಿಫಾರಸು ಮಾಡುವುದಿಲ್ಲ.)

ರಜೆ ನೋಡದೆ ಬಂದದ್ದು ತಮಿಳುನಾಡಿನ ಕುಂಭಕೋಣದ ಶಾಲೆಗೆ ಬಿದ್ದ ಬೆಂಕಿ. 2004ರ ಜುಲೈ 16, ಶುಕ್ರವಾರ, ತರಗತಿಯ ಹೊತ್ತು. ಅಡುಗೆಮನೆಯ ಕಿಡಿ, ಗರಿಯ ಚಾವಣಿ, 94 ಮಕ್ಕಳ ಸಾವು. 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಇರಲೇಬೇಕೆಂದಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು. ನಾವು ಅದನ್ನು ಅಕ್ಷರಶಃ ಪಾಲಿಸಿದ್ದೇವೆ. ಸಿಲಿಂಡರು ಇದೆ. ಗೋಡೆಗೆ ತಗುಲಿಸಿದರೆ ಹುಡುಗರು ಪಿನ್ನು ಎಳೆಯುತ್ತಾರೆಂದು ಅದನ್ನು ಹೆಡ್‌ಮಾಸ್ತರರ ಅಲ್ಮೇರಾದಲ್ಲಿ ಇಟ್ಟಿದ್ದೇವೆ. ಅಲ್ಮೇರಾದ ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ, ಹೆಡ್‌ಮಾಸ್ತರರು ಮೀಟಿಂಗಿನಲ್ಲಿ. ಸಾಧನ ಸುರಕ್ಷಿತವಾಗಿದೆ.

ಮರಳಿನ ಬಕೆಟ್ಟು ಕೆಂಪಗಿರಬೇಕೆಂಬುದು ನಿಯಮ. ಸಂಡೂರಿನಲ್ಲಿ ಈ ಬಾಬ್ತು ಖರ್ಚೇ ಇಲ್ಲ: ಅದಿರು ಲಾರಿ ಓಡಾಡುವ ರಸ್ತೆಬದಿಗೆ ವಾರವೊಂದು ಇಟ್ಟರೆ ಸಾಕು, ಬಕೆಟ್ಟು, ಮರಳು, ಶಾಲೆಯ ಗೋಡೆ ಮೂರೂ ಒಂದೇ ಬಣ್ಣ. ಬೆಂಕಿ ಬಿದ್ದಾಗ ಬಕೆಟ್ಟನ್ನು ಹುಡುಕಿ ತೆಗೆಯುವುದಕ್ಕೆ ಪ್ರತ್ಯೇಕ ತರಬೇತಿ ಉಂಟು.

ಅಣಕು ಪ್ರದರ್ಶನ ನಡೆಸದೆ ಯೋಜನೆಗೆ ಸಹಿ ಹಾಕುವ ತಜ್ಞ ನಾನಲ್ಲ. ನದಿ ದಂಡೆಯ ಶಾಲೆಯೊಂದರಲ್ಲಿ ಹನ್ನೆರಡೂವರೆಗೆ ಬೆಲ್ ಹೊಡೆಸಿದೆ. ಕಟ್ಟಡ ಎರಡೇ ನಿಮಿಷದಲ್ಲಿ ಖಾಲಿ. ಮಕ್ಕಳೆಲ್ಲ ಜಗಲಿಯ ಮೇಲೆ ಸಾಲಾಗಿ, ಕೈಯಲ್ಲಿ ತಾಟು ಹಿಡಿದು ಕೂತಿದ್ದರು. "ಊಟದ ಬೆಲ್ ಅನ್ಕಂಡ್ರು ಸರ್" ಎಂದು ಕ್ಲಾಸ್ ಲೀಡರ್ ಸಂಕೋಚಪಟ್ಟ. ಸಂಕೋಚದ ಮಾತೇ ಇಲ್ಲ. ಯಾವ ರಾಷ್ಟ್ರೀಯ ಮಾನದಂಡಕ್ಕೂ ಕಡಿಮೆಯಿಲ್ಲದ ತೆರವು ಕಾರ್ಯಾಚರಣೆ. ವರದಿಗೆ ಫೋಟೊ ಬೇಕಿತ್ತು. ತಾಟುಗಳನ್ನು ಮಾತ್ರ ಹಿಂದಕ್ಕೆ ಇರಿಸಿದೆವು.

ಉಳಿದದ್ದು ಜವಾಬ್ದಾರರ ಕಾಲಂ. ಹೆಡ್‌ಮಾಸ್ತರರು ಮೀಟಿಂಗಿಗೆ. ಅವರ ಗೈರಿನಲ್ಲಿ ಹಿರಿಯ ಶಿಕ್ಷಕರು. ಅವರಿಗೆ ಮತದಾರರ ಪಟ್ಟಿಯ ಕೆಲಸ. ಅವರ ಗೈರಿನಲ್ಲಿ ಕಿರಿಯ ಶಿಕ್ಷಕಿ. ಅವರು ವಿಪತ್ತು ನಿರ್ವಹಣೆಯ ತರಬೇತಿಗೇ ಹೋಗಿದ್ದಾರೆ. ಎಸ್‌ಡಿಎಂಸಿ ಅಧ್ಯಕ್ಷರು ನಾಟಿಗೆ. ಆ ಹೊತ್ತಿಗೆ ಶಾಲೆಯಲ್ಲಿದ್ದ ಒಬ್ಬರೇ ದೊಡ್ಡವರೆಂದರೆ ಬಿಸಿಯೂಟದ ಅಡುಗೆಯಮ್ಮ. ಅಣಕು ಬೆಲ್ ಕೇಳಿದ ತಕ್ಷಣ ಆಕೆ ಗ್ಯಾಸಿನ ರೆಗ್ಯುಲೇಟರ್ ತಿರುವಿ ಬಂದ್ ಮಾಡಿ, ಸಾಂಬಾರಿನ ಪಾತ್ರೆ ಮುಚ್ಚಿ, ಒಂದನೇ ತರಗತಿಯ ಇಬ್ಬರನ್ನು ರಟ್ಟೆ ಹಿಡಿದು ಹೊರಗೆ ತಂದಿದ್ದರು. "ಬ್ಯಾರೆ ಬೆಲ್ ಇದ್ದಂಗಿತ್ತು ನೋಡ್ರಿ" ಎಂದರು. ಯಾರು ಹೇಳಿಕೊಟ್ಟರೆಂದು ವಿಚಾರಿಸಿದೆ, ಯಾರೂ ಇಲ್ಲವಂತೆ. ತರಬೇತಿಯ ಪ್ರಮಾಣಪತ್ರ ಇಲ್ಲದ್ದರಿಂದ ಈ ಕ್ರಮವನ್ನು ವರದಿಯಲ್ಲಿ ದಾಖಲಿಸಲು ಬರಲಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ 'ಇತರೆ' ಎಂಬ ಕಾಲಂ ಸೇರಿಸಬಹುದೇ ಎಂದು ಕೇಳಿ ಬರೆದಿದ್ದೇನೆ. ಪತ್ರ ಕಲಬುರಗಿ ಮುಟ್ಟಿದೆ.