ಕಳಂಬೋಲಿ ಸ್ವೇದಮೀಮಾಂಸೆ

ಅಥಾತೋ ಬೆವರಜಿಜ್ಞಾಸಾ.

ಚರಕಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಬೆಂಕಿಯಿಂದ ಬೆವರಿಸುವ 13 ವಿಧಾನಗಳನ್ನೂ ಬೆಂಕಿಯಿಲ್ಲದೆ ಬೆವರಿಸುವ 10 ವಿಧಾನಗಳನ್ನೂ ಹೇಳುತ್ತದೆ. ಮೊದಲಿನ 13ಕ್ಕೆ ವೈದ್ಯ ಬೇಕು, ಮಡಕೆ ಬೇಕು, ಸೊಪ್ಪು ಬೇಕು. ಉಳಿದ 10ಕ್ಕೆ ನವಿ ಮುಂಬೈಯ ಕಳಂಬೋಲಿಯಲ್ಲೊಂದು ಬಾಡಿಗೆ ಮನೆ, ಜೂನ್ ತಿಂಗಳ ಒಂದು ಬೆಳಗು ಸಾಕೆಂಬುದು ಪ್ರಸ್ತುತ ಗ್ರಂಥಕರ್ತನ ಪ್ರತಿಜ್ಞೆ.

ಪ್ರಮಾಣಗಳು: ಕರೆಂಟು ಹೋದ ಕೋಣೆಯೇ ಉಷ್ಣಸದನ. ಬಿಟ್ಟ ತಿಂಡಿ ಕ್ಷುಧೆ. ಅದರ ಬದಲು ಕುಡಿದ ಮೂರು ಕಟಿಂಗ್ ಚಹಾ ಬಹುಪಾನ (ಶಾಸ್ತ್ರಕಾರರ ಮನಸ್ಸಿನಲ್ಲಿದ್ದ ಪಾನ ಬೇರೆ). ಮೋಡ ಕಂಡು ತೊಟ್ಟ ರೇನ್‌ಕೋಟು ಗುರುಪ್ರಾವರಣ. ಮಳೆ ಬಾರದೆ, ಸ್ಟೀಲ್ ಮಾರ್ಕೆಟ್ಟಿನ ಕಬ್ಬಿಣದ ಮೇಲೆ ಪುಟಿದು ಬಂದ ಬಿಸಿಲು ಆತಪ. ಇನ್ನೊಬ್ಬ ಸಿಗುವತನಕ ಹೊರಡದ ಶೇರ್ ರಿಕ್ಷಾ ಕ್ರೋಧ. ಮಾನಸರೋವರ ಸ್ಟೇಷನ್ನಿನ ಮೆಟ್ಟಿಲು ವ್ಯಾಯಾಮ. ಪಾಸು ಮನೆಯಲ್ಲೇ ಉಳಿಯಿತೆಂಬ ನೆನಪು ಭಯ. ಹಾರ್ಬರ್ ಲೋಕಲ್ಲಿನ ಬಾಗಿಲು ಆಹವ, ಅರ್ಥಾತ್ ಯುದ್ಧ. ಗೆದ್ದವನಿಗೆ ನಾಲ್ಕೂ ಕಡೆಯಿಂದ ಅಂಟುವ ಪರಮೈಗಳ ಪಟ್ಟೇ ಉಪನಾಹ. ಎಣಿಸಿಕೊಳ್ಳಿ, ಹತ್ತಾದವು.

ಪೂರ್ವಪಕ್ಷ: ಕಲಬುರಗಿ ಪಂಥದವರು ಕೇಳುತ್ತಾರೆ, “ಏನ್ರೀ, 33 ಡಿಗ್ರಿಗೇ ಇಷ್ಟ್ ಒದ್ದಾಡ್ತೀರಿ? ನಮ್ಮಲ್ಲಿ 42 ಅದ!”

ಸಮಾಧಾನ: ಅಲ್ಲಿಯದು ಝಳ, ಇಲ್ಲಿಯದು ಸೆಖೆ. ಅಲ್ಲಿ ಬೆವರು ಆರುತ್ತದೆ. ಆರುವಾಗ ಮೈಯ ಕಾವನ್ನೂ ಒಯ್ಯುತ್ತದೆ. ಇಲ್ಲಿಯ ಗಾಳಿ ಕಡಲ ಖಾಡಿಯ ನೀರುಂಡು ಮೊದಲೇ ತೇಗಿರುತ್ತದೆ. ಆರದ ಬೆವರು ಮೈಯನ್ನು ತಂಪಾಗಿಸದು, ಅಂಗಿಯನ್ನಷ್ಟೇ ತೋಯಿಸುತ್ತದೆ. ವಾಸನೆಯ ಅಪವಾದವೂ ಅದರದಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳದು.

ಸಿದ್ಧಾಂತ: ಹತ್ತರಲ್ಲಿ ಒಂದಾದರೂ ಇದ್ದರೆ ಅದು ಊರಿನ ಗುಣ. ಒಂದೂ ಇಲ್ಲದೆ, ಫ್ಯಾನಿನಡಿ ಕೂತವನ ಅಂಗೈ ತೊಟ್ಟಿಕ್ಕಿ ಸಹಿ ಕಲೆಸಿಹೋದರೆ ಅದು ಹನ್ನೊಂದನೆಯದು: ಹೈಪರ್‌ಹೈಡ್ರೋಸಿಸ್. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ತೊಡಗಿ, ಎರಡೂ ಕೈಗೆ ಸಮನಾಗಿ ಬಂದು, ನಿದ್ದೆಯಲ್ಲಿ ನಿಲ್ಲುತ್ತದೆ. ಇದಕ್ಕೆ ಪೌಡರು ಹಾಕಿದರೆ ಹಿಟ್ಟು ಕಲಸಿದಂತೆ. ರಾತ್ರಿ ಒಣಗಿದ ಚರ್ಮಕ್ಕೆ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್, ನೀರಿನಲ್ಲಿ ಕೈಯಿಟ್ಟು ಹಾಯಿಸುವ ಸಣ್ಣ ವಿದ್ಯುತ್ತು, ಬೊಟಾಕ್ಸ್ ಚುಚ್ಚುಮದ್ದು ಇವೆ. ಚರ್ಮವೈದ್ಯರ ಮುಂದೆ ಕೈ ಚಾಚಲು ನಾಚಬೇಡಿ.

ಅಪವಾದಸೂತ್ರ: ರಾತ್ರಿ ಹಾಸಿಗೆ ತೋಯುವ ಬೆವರಿನೊಡನೆ ಜ್ವರವಿದ್ದು ತೂಕ ಇಳಿದರೆ ಕ್ಷಯದ ತಪಾಸಣೆ ಮಾಡಿಸಿ. ಎದೆನೋವಿನೊಡನೆ ತಣ್ಣನೆಯ ಬೆವರು ಬಂದರೆ ಮೀಮಾಂಸೆ ಮುಚ್ಚಿಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆ ದಿನ 8.12ರ ಲೋಕಲ್ ತಪ್ಪಿದರೆ ತಪ್ಪಲಿ.