ಹೆಡರ್ ತಗದು ತೋರಸು

ಇ-ಮೇಲ್ ಬಂದರೆ ಒಕ್ಕಣೆ ಬಿಟ್ಟು ಹೆಡರ್ ಓದುವ ಗೃಹಸ್ಥರಿಗೆ ಹೆಡರ್ ಪರೀಕ್ಷಕರೆನ್ನಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಬಹುತೇಕ ನಿವೃತ್ತರು; ಅಂಚೆ, ಬ್ಯಾಂಕು, ಕಂದಾಯ ಕಚೇರಿಗಳಲ್ಲಿ ಮೂವತ್ತು ವರ್ಷ ಕಂಡವರ ಸಹಿಯನ್ನು ಅನುಮಾನಿಸಿ ಪಗಾರ ಎಣಿಸಿದವರು. ಪಗಾರ ನಿಂತಿದೆ, ಅನುಮಾನ ನಿಂತಿಲ್ಲ. ಇದಕ್ಕೆ ಸೀಮೆಯ ಇತಿಹಾಸವೂ ಕಾರಣವೆಂದು ಅವರೇ ಹೇಳಿಕೊಳ್ಳುತ್ತಾರೆ: 1824ರ ಕಿತ್ತೂರಿನ ಕಾಳಗದಲ್ಲಿ ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದರೆಂಬ ಕಥೆ ಕೇಳುತ್ತ ಬೆಳೆದವರು ಮೇಲ್ ಒಂದನ್ನು ಹೇಗೆ ನಂಬಿಯಾರು?

ಹೆಡರ್ ಎಂದರೆ ಕಾಗದದ ಲಕೋಟೆಯ ಮೇಲಿನ ಠಸ್ಸೆಗಳಿದ್ದ ಹಾಗೆ. ಕಳಿಸಿದವರ ಹೆಸರು, ವಿಷಯ, ತಾರೀಖು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ; ಉಳಿದ ಸಾಲುಗಳು ಅಡಗಿರುತ್ತವೆ. ‘ಫ್ರಮ್’ ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. ಮೇಲ್ ಹಾದುಬರುವ ಪ್ರತಿ ಸರ್ವರ್ ‘ರಿಸೀವ್ಡ್’ ಎಂಬ ಸಾಲನ್ನು ಮೇಲ್ಗಡೆ ಸೇರಿಸುತ್ತ ಹೋಗುತ್ತದೆ. ಆದ್ದರಿಂದ ಪ್ರಯಾಣದ ಮೊದಲ ನಿಲ್ದಾಣ ಎಲ್ಲಕ್ಕಿಂತ ಕೆಳಗೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ಆ ಕೆಳಗಿನ ಸಾಲುಗಳನ್ನೂ ವಂಚಕ ತಾನೇ ಬರೆದಿಟ್ಟಿರಬಹುದು. ನಂಬತಕ್ಕದ್ದು ನಮ್ಮ ಕಡೆಯ ಸರ್ವರ್ ಹಾಕಿದ ಠಸ್ಸೆ.

ಹೆಡರನ್ನು ಹೊರತೆಗೆಯುವ ದಾರಿ ತಂತ್ರಾಂಶಕ್ಕೊಂದು. ಥಂಡರ್‌ಬರ್ಡಿನಲ್ಲಿ ಕಂಟ್ರೋಲ್ ಮತ್ತು ಯು ಒತ್ತಿದರೆ ಇಡೀ ಮೂಲ ಪಠ್ಯ ಬಿಚ್ಚಿಕೊಳ್ಳುತ್ತದೆ. ಆ್ಯಪಲ್ ಮೇಲಿನಲ್ಲಿ ವ್ಯೂ, ಮೆಸೇಜ್, ಆಲ್ ಹೆಡರ್ಸ್. ಹಳೆಯ ಔಟ್‌ಲುಕ್‌ನಲ್ಲಿ ಮೇಲನ್ನು ಎರಡು ಸಲ ಕ್ಲಿಕ್ಕಿಸಿ ಬೇರೆ ಕಿಟಕಿಯಲ್ಲಿ ತೆರೆದು, ಫೈಲ್‌ಗೆ ಹೋಗಿ, ಪ್ರಾಪರ್ಟೀಸ್ ಒತ್ತಬೇಕು. ತಳದಲ್ಲಿ ‘ಇಂಟರ್‌ನೆಟ್ ಹೆಡರ್ಸ್’ ಎಂಬ ಪುಟ್ಟ ಪೆಟ್ಟಿಗೆ ಕಾಣುತ್ತದೆ. ಕಾಳಿನ ಕಣಜಕ್ಕೆ ಇಲಿಬಿಲದಿಂದ ಇಣುಕಿದಷ್ಟೇ ಜಾಗ. ಪರೀಕ್ಷಕರು ಅದನ್ನೆಲ್ಲ ನೋಟ್‌ಪ್ಯಾಡಿಗೆ ಇಳಿಸಿ, ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಕೂಡುತ್ತಾರೆ. ಮೊಬೈಲಿನಲ್ಲಿ ಮೇಲ್ ನೋಡುವವರನ್ನು ಕಂಡರೆ ಅವರಿಗೆ ಕನಿಕರ.

ಇವರ ಸ್ವಭಾವ ತಿಳಿಯಲು ಬೈಲಹೊಂಗಲದ ಒಬ್ಬ ನಿವೃತ್ತ ಅಂಚೆ ನೌಕರರನ್ನು ನೋಡಿದರೆ ಸಾಕು. ಕಿತ್ತೂರಿನಲ್ಲಿರುವ ಅವರ ಸೋದರಳಿಯ (ಈತ ಈ ಲೇಖನದ ಕರ್ತೃವಿಗೆ ಬಹಳ ಹತ್ತಿರದವನು, ಇಬ್ಬರೂ ಒಂದೇ ಜೋಡು ಚಪ್ಪಲಿ ಮೆಟ್ಟುವಷ್ಟು) ಮಗನ ಜವಳಕ್ಕೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರಬೇಕೆಂದು ಜಿಮೇಲಿನಿಂದ ಕರೆ ಕಳಿಸಿದ. ಅರ್ಧ ತಾಸಿನಲ್ಲಿ ಫೋನು.

“ತಮ್ಮಾ, ನಿನ್ನ ಹೆಸರಿಲೆ ಒಂದು ಮೇಲ್ ಬಂದೈತಿ. ಇದು ಅಮೇರಿಕಾದ್ದು. ವ್ಯಾಳ್ಯಾದ ಮುಂದ ಮೈನಸ್ ಸೊನ್ನಿ ಏಳು ಸೊನ್ನಿ ಸೊನ್ನಿ ಅಂತೈತಿ. ನಮ್ಮದು ಪ್ಲಸ್ ಸೊನ್ನಿ ಐದು ಮೂರು ಸೊನ್ನಿ.”

“ಮಾವಾರ, ನಾನ ಕಳಿಸೇನ್ರಿ. ಈಗ ನಾನ ಮಾತಾಡಾಕತ್ತೀನಲ್ರಿ!”

“ಫೋನಿನ್ಯಾಗ ಹೆಡರ್ ಎಲ್ಲೈತೋ?”

ನಿಜ ಸಂಗತಿ ಇಷ್ಟೇ: ಜಿಮೇಲಿನ ಸರ್ವರುಗಳು ತಮ್ಮ ಠಸ್ಸೆಯಲ್ಲಿ ಅಮೇರಿಕದ ಪಶ್ಚಿಮ ಕರಾವಳಿಯ ವೇಳೆ ಹಾಕುತ್ತವೆ. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಂದ ಮೇಲಿನಲ್ಲೂ ಬೇಸಿಗೆಯಲ್ಲಿ –0700, ಚಳಿಗಾಲದಲ್ಲಿ –0800 ಇರುವುದು ಅದಕ್ಕೇ. ಮಾವನವರು ಇದನ್ನು ಒಪ್ಪಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಸಂತೃಪ್ತಿಯಿಂದ ಫೋನು ಮಾಡಿ, “ಅಸಲಿ ಐತಿ ತಮ್ಮಾ, ಬರತೀನಿ” ಅಂದರು. ಅಷ್ಟು ಹೊತ್ತಿಗೆ ಕೂಸಿನ ತಲೆ ಬೋಳಾಗಿ, ಪರಡಿ ತುಂಬಿಸಿ, ಬೀಗರು ಹೋಳಿಗೆ ಉಂಡು ಊರು ಸೇರಿದ್ದರು.

ಪರೀಕ್ಷಕರ ಉಳಿದ ಲಕ್ಷಣಗಳು ಸಣ್ಣವು. ಐಪಿ ವಿಳಾಸಗಳಿಗೊಂದು ಉದ್ದ ರಿಜಿಸ್ಟರ್ ಇಡುತ್ತಾರೆ. ದೀಪಾವಳಿಯ ಶುಭಾಶಯಕ್ಕೂ ಮೆಸೇಜ್-ಐಡಿ ಬರೆದುಕೊಳ್ಳುತ್ತಾರೆ. ಮದುವೆ ಪತ್ರಿಕೆ ಕೈಗೆ ಕೊಟ್ಟರೆ ಮೊದಲು ಹಿಂದೆ ತಿರುಗಿಸಿ ನೋಡುತ್ತಾರೆ.

ಇವರಿಂದ ಉಪಯೋಗವಿಲ್ಲವೆಂದಲ್ಲ. ಅದೇ ಸೋದರಳಿಯನಿಗೆ ಒಮ್ಮೆ ‘ನಿಮ್ಮ ಖಾತೆ ಇವತ್ತೇ ಬಂದ್’ ಎಂದು ಬ್ಯಾಂಕಿನ ಹೆಸರಿನಲ್ಲಿ ಮೇಲ್ ಬಂತು. ಮಾವನನ್ನು ಆಡಿಕೊಂಡು ನಗುತ್ತಿದ್ದ ಆ ಶಾಣ್ಯಾ ಲಿಂಕ್ ಒತ್ತಿ, ಪಾಸ್‌ವರ್ಡಿನ ಅರ್ಧ ಬರೆದ ಮೇಲೆ ಗಾಬರಿಯಾಗಿ, ಮೇಲನ್ನು ಮಾವನಿಗೆ ಫಾರ್ವರ್ಡ್ ಮಾಡಿದ. ಬೈಗುಳ ಬಂತು: ಬರೇ ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಉಳಿಯುವುದಿಲ್ಲ, ಅಟ್ಯಾಚ್‌ಮೆಂಟಾಗಿ ಕಳಿಸಬೇಕು. ಹಾಗೇ ಕಳಿಸಿದ. ‘ಅಥೆಂಟಿಕೇಶನ್-ರಿಸಲ್ಟ್ಸ್’ ಸಾಲಿನಲ್ಲಿ ಎಸ್‌ಪಿಎಫ್ ಫೇಲ್, ಡಿಮಾರ್ಕ್ ಫೇಲ್; ಅಂದರೆ ಕಳಿಸಿದ ವಿಳಾಸ ಅಸಲಿಯೇ ಎಂದು ನೋಡುವ ಪರೀಕ್ಷೆಗಳೆರಡರಲ್ಲೂ ನಪಾಸು. ಪಾಸ್ ಆದ ಮೇಲನ್ನೂ ಕಣ್ಣು ಮುಚ್ಚಿ ನಂಬಬಾರದೆಂಬ ಪಾಠವೂ ಆಯಿತು: ವಂಚಕ ತನ್ನದೇ ಡೊಮೇನ್ ಕೊಂಡು ಅಲ್ಲಿಂದ ಕಳಿಸಿದರೆ ಎಲ್ಲ ಪಾಸಾಗುತ್ತದೆ. ಪಾಸಾಗುವುದು ವಿಳಾಸ, ಮನುಷ್ಯನಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕೆಂದೂ ಅವರೇ ಹೇಳಿಕೊಟ್ಟರು.

ಪರೀಕ್ಷಕರ ಕಡತಗಳಲ್ಲಿ ಒಂದನ್ನು ಮಾತ್ರ ಬೇರೆ ಇಟ್ಟಿರುತ್ತಾರೆ. ಬೈಲಹೊಂಗಲದ ಮನೆಯಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮೇಲುಗಳದು. ‘ಆರಾಮ ಇದ್ದೇನೆ. ಕೆಲಸ ಭಾಳ ಇದೆ’ ಎಂಬ ಎರಡು ಸಾಲಿನ ಒಕ್ಕಣೆ. ಅದರ ಮೇಲೆ ಎರಡು ಪುಟ ಹೆಡರ್. ‘ಡೇಟ್’ ಸಾಲಿನಲ್ಲಿ 02:14, –0700. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ನಮ್ಮ ಮಧ್ಯಾಹ್ನ 2:44’ ಎಂದು ಲೆಕ್ಕ. ಅತ್ತೆಯವರು ಅಡಿಗೆಮನೆಯಿಂದ, “ಉಂಡಾನಂತೇನ್ರಿ?” ಎಂದು ಕೇಳುತ್ತಾರೆ. ಮಾವನವರು ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದುತ್ತಾರೆ. “ರಾತ್ರಿ ಎರಡರತನಾ ಎಚ್ಚರ ಇದ್ದಾನ” ಎಂದಷ್ಟೇ ಹೇಳುತ್ತಾರೆ.

ಮೇಲ್ ಎಲ್ಲಿಂದ ಹೊರಟಿತು, ಯಾವಾಗ ಹೊರಟಿತು, ಯಾವ ಯಾವ ಸರ್ವರ್ ದಾಟಿತು, ಎಲ್ಲವೂ ಹೆಡರಿನಲ್ಲಿರುತ್ತದೆ. ಊಟ ಆಯಿತೋ ಇಲ್ಲವೋ ಎಂಬುದು ಅಲ್ಲಿರುವುದಿಲ್ಲ. ಅದನ್ನು ಮಕ್ಕಳು ಒಕ್ಕಣೆಯಲ್ಲೇ ಬರೆಯಬೇಕು.